ಕುರಿ ಕುಡಿದ ನೀರು

ಬಸ್ಸು ಶಿಕಾರಿಪುರ ಬಿಟ್ಟ ಮೇಲೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹನ್ನೆರಡು ದಿನದ ಹಿಂದೆ ಅತ್ತಿಗೆ ಸಂಗೀತ ಫೋನ್ ಮಾಡಿ, "ನಾಗೂ, ಸೊರಬದ ಹತ್ರ ಜಡೆ ಊರಿಗೆ ಕುರಿ ಹೊಡ್ಕಂಡು ಬಂದೀವಿ. ಇಲ್ಲಿ ಹೊಂಡದ ನೀರು ಕುಡಿಬಹುದಾ?" ಎಂದು ಕೇಳಿದ್ದಳು. ಐದು ತಿಂಗಳ ಬಸುರಿ. ನಾನು ಲ್ಯಾಬಿನ ಗಡಿಬಿಡಿಯಲ್ಲಿ, "ಕುರಿ ಕುಡಿದ್ವಾ? ಹಂಗಾರೆ ಕುಡಿ" ಎಂದುಬಿಟ್ಟೆ.

ನಮ್ಮ ಮನೆಯ ಪರೀಕ್ಷೆಯೇ ಅದು. ಗೊಬ್ಬರಕ್ಕೆಂದು ಯಾರದೋ ಗದ್ದೆಯಲ್ಲಿ ಮಂದೆ ತರುಬಿದಾಗ ಅವ್ವ ಮೊದಲು ಕುರಿಗಳನ್ನು ನೀರಿಗೆ ಬಿಡುತ್ತಾಳೆ. ಅವು ಕುಡಿದು ಅರ್ಧ ದಿನ ನೆಟ್ಟಗಿದ್ದರೆ ಕೊಡ ತುಂಬುತ್ತಾಳೆ.

ಶಿವಮೊಗ್ಗದಲ್ಲಿ ನನ್ನ ಕೆಲಸವೂ ಹೆಚ್ಚುಕಡಿಮೆ ಅದೇ. ಕೆರೆ, ಹೊಂಡಗಳ ನೀರಿನಲ್ಲಿ ಸಿಕ್ಕ ಬೆಳೆಗಳ ಔಷಧಿ ಯಾವ ಪ್ರಾಣಿಯ ಮೈಯಲ್ಲಿ ಹಾರ್ಮೋನು ಕೂರುವ ಜಾಗ ಹಿಡಿಯಬಲ್ಲದು ಎಂದು ಕಂಪ್ಯೂಟರಿನಲ್ಲಿ ಹೋಲಿಸಿ ನೋಡುವುದು. ಪಟ್ಟಿಯಲ್ಲಿ ಮೀನು, ಕಪ್ಪೆ, ಕೋಳಿ, ಮನುಷ್ಯ ಇದ್ದರು. ನಿನ್ನೆ ಜಡೆಯ ಹೊಂಡದ ಫಲಿತಾಂಶ ಬಂತು: ಶುಂಠಿಗೆ ಹೊಡೆಯುವ ಒಂದು ಔಷಧಿ. ಮನಸ್ಸು ತಡೆಯದೆ ಕುರಿಯನ್ನೂ ಸೇರಿಸಿದೆ. ಕುರಿಯ ಸಾಲು, ಮನುಷ್ಯರ ಸಾಲು ಎರಡೂ ಒಂದೇ ಕೆಂಪು, ಅಂದರೆ ಹಿಡಿಯಬಲ್ಲದು. ಎಷ್ಟು ಸಲ ಮಾಡಿದರೂ ಅತ್ತಿಗೆಯ ಫೋನ್ ಹತ್ತಲಿಲ್ಲ. ಬೆಳಿಗ್ಗೆ ಹೊರಟುಬಿಟ್ಟೆ.

ಸೊರಬದಲ್ಲಿ ಜಡೆ ಬಸ್ಸಿಗೆ ಕಾಯುತ್ತಾ ಹತ್ತು ಸಲ ಎದ್ದು ಕೂತೆ. ನನ್ನ ಮೇಲೇ ನನಗೆ ಸಿಟ್ಟು. ಓದಿದವಳಂತೆ ನಾನು!

ಮಂದೆ ತರುಬಿದ್ದ ಗದ್ದೆ ಮುಟ್ಟಿದಾಗ ಅವ್ವ ಕೊಡ ಹೊತ್ತು ಬರುತ್ತಿದ್ದಳು. "ಆ ನೀರು ಬ್ಯಾಡ ಅವ್ವಾ!" ಎಂದು ದೂರದಿಂದಲೇ ಕೂಗಿದೆ.

"ಯಾಕೆ? ಕುರಿ ಕುಡಿದಾವಲ್ಲ. ಒಂದಾರ ಸತ್ತೈತೇನು?"

"ಸಾಯಲ್ಲ. ಗಬ್ಬದವು ದಿನ ತುಂಬದೆ ಎಷ್ಟು ಕಂದು ಹಾಕಿದ್ವು?"

"ಮೂರು. ದಾರಿ ನಡ್ದು ದಣಿದಿದ್ವು, ಅದಕ್ಕೆ..." ಅವ್ವ ಕೊಡ ಇಳಿಸಿ, ಬದುವಿನ ಮೇಲೆ ಪೂರ್ತಿ ಬಗ್ಗಿಸಿದಳು.

ಒಲೆಯ ಮುಂದಿದ್ದ ಅತ್ತಿಗೆ ಎದ್ದು ಬಂದಳು. ಒಂದು ಕೈ ಹೊಟ್ಟೆಯ ಮೇಲಿತ್ತು. "ನಾನೂ ಹನ್ನೆರಡು ದಿನದಿಂದ ಅದನ್ನೇ ಕುಡಿದೀನಿ. ನನ್ನ ಕೂಸಿಗೆ ಏನಾಗ್ತತಿ, ಹೇಳು."

ಔಷಧಿ ಆ ಜಾಗ ಹಿಡಿಯಬಲ್ಲದು ಎಂದಷ್ಟೇ ನನ್ನ ಪಟ್ಟಿ ಹೇಳುತ್ತದೆ. ಹಿಡಿದು ಏನು ಮಾಡುತ್ತದೆ, ಎಷ್ಟು ಕುಡಿದರೆ ಮಾಡುತ್ತದೆ, ಆ ಮೂರು ಕುರಿಗೂ ಅದೇ ಕಾರಣವೋ, ಒಂದೂ ಅದರಲ್ಲಿಲ್ಲ. ನನಗೆ ಹೆದರಿಕೆಯಾಯಿತು.

"ಗೊತ್ತಿಲ್ಲ ಅತ್ತಿಗೆ. ನಡಿ, ಈಗ್ಲೇ ಡಾಕ್ಟ್ರ ಹತ್ರ ಹೋಗಾಣ."

ಸಂಗೀತ ಚಪ್ಪಲಿ ಮೆಟ್ಟಿಕೊಂಡಳು. ನನ್ನ ಮುಖ ನೋಡಲಿಲ್ಲ.

"ಅವತ್ತು ಫೋನಿನಾಗೆ ನಿಂಗೆ ಗೊತ್ತಿತ್ತಲ್ಲ" ಎಂದಳು.