ಪಟ್ಟೆ ಜಾಕೀಟು

ಕ್ಯಾಮೆರಾ ಬ್ಯಾಗಿನ ಪಟ್ಟಿಯ ಒಂದು ತುದಿ ಮಗಳ ಮುಷ್ಟಿಯಲ್ಲಿತ್ತು, ಇನ್ನೊಂದು ತುದಿ ಅಪ್ಪನ ಮೊಣಕೈಗೆ ಸುತ್ತಿಕೊಂಡಿತ್ತು. ಇಬ್ಬರೂ ಬಿಡಲಿಲ್ಲ.

“ಅಪ್ಪ, ಕೊಡಿ. ಜನ ನೋಡ್ತಿದ್ದಾರೆ.”

“ಅದರಲ್ಲಿ ಬರೀ ಗುಡ್ಡ, ಕೆರೆ ಅಷ್ಟೇ ಕಣಮ್ಮ.”

“ನಾನೇ ನೋಡಿ ಹೇಳ್ತೀನಿ. ಎರಡು ವರ್ಷ ಅಮ್ಮನ್ನ ಬೆಳಕು ಹರಿಯೋ ಮುಂಚೆ ಎಬ್ಬಿಸಿ ಕರ್ಕೊಂಡು ಹೋಗಿದ್ದೀರಿ. ಒಂದಾದ್ರೂ ಫೋಟೊ ಇರಲ್ವಾ?”

“ಬ್ಯಾಟರಿ ಸತ್ತಿದೆ.”

ಆ ಮಾತು ಬಾಯಿಂದ ಬಿದ್ದ ಮೇಲೆ ಅಪ್ಪನಿಗೇ ಕಸಿವಿಸಿಯಾಯಿತು. ನಡುಮನೆಯಲ್ಲಿ, ಬಟ್ಟೆ ಕತ್ತರಿಸುವ ಉದ್ದ ಮೇಜನ್ನು ಸರಿಸಿದ ಜಾಗದಲ್ಲಿ, ಹೆಂಡತಿಯನ್ನು ಮಲಗಿಸಿದ್ದರು. ಗಂಟೆ ಹನ್ನೊಂದಾಗಿತ್ತು. ಸ್ಮಶಾನದ ಗಾಡಿ ಬರುವುದು ಮೂರಕ್ಕೆ. ಅಷ್ಟರಲ್ಲಿ ಆಕೆಯ ತಲೆಯ ಹತ್ತಿರ ಇಡಲು ಒಂದು ಫೋಟೊ ಬೇಕಿತ್ತು, ಮತ್ತು ಆಕೆಯ ಫೋಟೊ ಒಂದೂ ಇರಲಿಲ್ಲ.

ಇರಲಿಲ್ಲ ಎಂದರೆ ಮದುವೆಯದು ಇತ್ತು, ಅದರಲ್ಲಿ ಯಾರೋ ಹೆದರಿದ ಹುಡುಗಿ ಇದ್ದಳು. ಮಗಳ ಫೋನಿನಲ್ಲಿ ಇದ್ದವೆಲ್ಲ ಬೆನ್ನು, ಅರ್ಧ ಕಿವಿ, ಮುಖಕ್ಕೆ ಅಡ್ಡ ಹಿಡಿದ ಅಂಗೈ.

“ಊರವರ ಮೈ ಅಳತೆ ತಗೊಂಡೇ ಕಾಲ ಕಳೆದಳು ಪುಣ್ಯಾತ್ಗಿತ್ತಿ,” ಎಂದು ಪಕ್ಕದ ಇಸ್ತ್ರಿ ಅಂಗಡಿಯಾಕೆ ಕಣ್ಣೊರೆಸಿಕೊಂಡಳು. “ತನ್ನ ಮುಖ ಮಾತ್ರ ಯಾರಿಗೂ ಕೊಡಲಿಲ್ಲ. ಇವಳ ಈ ಹೊಲಿಗೆ ಅಂಗಡೀಲಿ ಬೆನ್ನೊರಗೋ ಕುರ್ಚಿ ಅಂತ ಇದ್ದಿದ್ದು ಆ ನೀಲಿದೊಂದು. ಅದೂ ಗಿರಾಕಿಗೆ. ಇವಳು ಯಾವಾಗ ನೋಡಿದ್ರೂ ಮೇಜಿನ ಮುಂದೆ ನಿಂತೇ ಇರ್ತಿದ್ದಳು.”

ನೀಲಿ ಕುರ್ಚಿ ಈಗಲೂ ಒಳಕೋಣೆಯಲ್ಲಿತ್ತು. ಸಾವಿನ ಮನೆಯಲ್ಲಿ ಕುರ್ಚಿಗೆ ಬರವಿದ್ದರೂ ಅದರ ಮೇಲೆ ಯಾರೂ ಕೂತಿರಲಿಲ್ಲ.

ಬಾಗಿಲ ಬಳಿ ಫೋಟೊ ಸ್ಟುಡಿಯೊದವನು ಫ್ರೇಮು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು ಹಿಡಿದು ನಿಂತಿದ್ದ. “ಸಾರ್, ಕ್ಯಾಮೆರಾಗೆ ಬ್ಯಾಟರಿ ಬೇಡ, ಕಾರ್ಡ್ ಸಾಕು. ಮಧ್ಯಾಹ್ನ ಒಂದರೊಳಗೆ ಕೊಟ್ಟರೆ ಮೂರಕ್ಕೆ ಫ್ರೇಮ್ ಹಾಕಿ ತಂದುಬಿಡ್ತೀನಿ.”

“ಕೊಡ್ತೀನಿ. ಮುಖ ತೊಳ್ಕೊಂಡು ಬರ್ತೀನಿ,” ಎಂದರು ಅಪ್ಪ. ಪಟ್ಟಿಯನ್ನು ಮೆಲ್ಲಗೆ ಮಗಳ ಮುಷ್ಟಿಯಿಂದ ಬಿಡಿಸಿಕೊಂಡರು. ಬ್ಯಾಗನ್ನೂ ಬಚ್ಚಲಿಗೆ ತೆಗೆದುಕೊಂಡು ಹೋದರು.

*

ಮೂವತ್ನಾಲ್ಕು ವರ್ಷ ನೀರಿನ ಮೀಟರು ಓದಿದವರು ಅಪ್ಪ. ಬೀದಿಗೆಲ್ಲ ಮೀಟರ್ ಮಾಮ. ಕತ್ತಲ ಮೂಲೆಗಳಲ್ಲಿ ಬಗ್ಗಿ ಬಗ್ಗಿ ನೋಡಿದ್ದು ಸಾಕಾಗಿ, ನಿವೃತ್ತರಾದ ತಿಂಗಳೇ ದೂರದ್ದೇನಾದರೂ ನೋಡಬೇಕೆಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡರು. ಕಲಿಯುವವರಿಗೆಂದು ಮಾಡಿದ, ಎಲ್ಲಕ್ಕಿಂತ ಕಡಿಮೆ ಬೆಲೆಯದು. ಮೊದಲ ಆರು ತಿಂಗಳು ಅವರು ತೆಗೆದ ಫೋಟೊಗಳಲ್ಲಿ ಕಾಲ ಬುಡದ ಹುಲ್ಲು ಎಸಳೆಸಳಾಗಿ ಕಾಣುತ್ತಿತ್ತು, ಗುಡ್ಡ ಮಾತ್ರ ಕಲಸಿಟ್ಟ ಗಂಜಿ.

“ಸಾರ್, ಎಲ್ಲಿ ನೋಡಬೇಕು ಅಂತ ಕ್ಯಾಮೆರಾಗೆ ಬಿಟ್ಟರೆ ಹತ್ತಿರದ್ದನ್ನೇ ಹಿಡಿಯುತ್ತೆ,” ಎಂದು ಸ್ಟುಡಿಯೊದವನು ನಕ್ಕಿದ್ದ. “ನಡುವಿನ ಚುಕ್ಕೆ ಒಂದನ್ನೇ ಇಟ್ಕೊಳ್ಳಿ. ದೃಶ್ಯದ ಒಳಕ್ಕೆ ಮೂರರಲ್ಲಿ ಒಂದು ಪಾಲು ದೂರದಲ್ಲಿ ಏನಾದ್ರೂ ಇರುತ್ತಲ್ಲ, ಅದಕ್ಕೆ ಫೋಕಸ್ ಮಾಡಿ. ಆಮೇಲೆ ಲೆನ್ಸಿನ ಪಕ್ಕದ ಗುಂಡಿ ಎಳೆದು ಫೋಕಸ್ಸಿಗೆ ಬೀಗ ಹಾಕಿ. ಮುಟ್ಟಬೇಡಿ. ಎರಡು ಸೆಕೆಂಡ್ ಟೈಮರ್ ಇಟ್ಟು ದೂರ ನಿಲ್ಲಿ. ಹತ್ತಿರದ್ದೂ ದೂರದ್ದೂ ಕಲ್ಲಿನ ಹಾಗೆ ಸ್ಪಷ್ಟ ಬರುತ್ತೆ.”

ಹೇಳಿದಷ್ಟು ಸುಲಭವಿರಲಿಲ್ಲ. ನಸುಕಿನಲ್ಲಿ ಆ ಬಡ ಲೆನ್ಸಿಗೆ ಏನೂ ಗುರುತು ಸಿಗದೆ ಗುರ್ ಗುರ್ ಎಂದು ಹಿಂದೆ ಮುಂದೆ ಓಡುತ್ತಿತ್ತು. ಮೀಟರ್ ಮಾಮ ಮನೆಗೆ ಬಂದು ಮುಖ ಊದಿಸಿಕೊಂಡು ಕೂರುತ್ತಿದ್ದರು. ಮೂರು ದಿನ ನೋಡಿದ ಹೆಂಡತಿ ನಾಲ್ಕನೆಯ ದಿನ ಉಳಿಕೆ ಬಟ್ಟೆಯಲ್ಲಿ ಕಪ್ಪು ಬಿಳಿ ಪಟ್ಟೆಯ ಜಾಕೀಟು ಹೊಲಿದು ತೊಟ್ಟು ಎದುರಿಗೆ ಬಂದಳು.

“ಇದಾದ್ರೂ ಕಾಣುತ್ತಾ ನಿಮ್ಮ ಕ್ಯಾಮೆರಾಗೆ?”

“ಅಯ್ಯೋ ಮಾರಾಯ್ತಿ, ಇದನ್ನ ಒಂದು ಕೋಲಿಗೆ ನೇತು ಹಾಕಿದ್ರೆ ಸಾಕು. ನೀನ್ಯಾಕೆ?”

“ಕೋಲು ಬೇಡ. ನಾನೇ ಬರ್ತೀನಿ. ಮೂವತ್ತು ವರ್ಷ ಗೋಡೆ ನೋಡ್ಕೊಂಡು ಹೊಲಿದಿದ್ದೀನಿ ಕಣ್ರೀ.”

ಅಂದಿನಿಂದ ಅದೇ ಪದ್ಧತಿ. ಆಕೆ ಹೋಗಿ ನಿಲ್ಲುವುದು, ಇವರು ಪಟ್ಟೆಗೆ ಫೋಕಸ್ ಮಾಡಿ ಒಂದು ಫೋಟೊ ತೆಗೆದು ಪರೀಕ್ಷಿಸುವುದು, ಬೀಗ ಹಾಕಿ “ಹೋಗು” ಎಂದು ಕೂಗುವುದು, ಆಕೆ ಎಡಕ್ಕೆ ಸರಿದು ಚೌಕಟ್ಟಿನಿಂದ ಆಚೆ ಹೋಗುವುದು. ಆಮೇಲೆ ಗುಡ್ಡದ ನಿಜವಾದ ಫೋಟೊ. ಸಂಜೆ ಮನೆಯಲ್ಲಿ ಆಕೆ ಇದ್ದ ಫೋಟೊಗಳನ್ನೆಲ್ಲ ಒಂದೊಂದಾಗಿ ಅಳಿಸುತ್ತಿದ್ದರು. “ಈ ಜೀಬ್ರಾನ ಓಡಿಸಿ, ನಿಮ್ಮ ಗುಡ್ಡ ಉಳೀಲಿ,” ಎಂದು ಆಕೆಯೂ ನಗುತ್ತಿದ್ದಳು.

*

ಬಚ್ಚಲಿನಲ್ಲಿ ಕ್ಯಾಮೆರಾ ಚಾಲೂ ಮಾಡಿದಾಗ ಬ್ಯಾಟರಿ ಮುಕ್ಕಾಲು ಪಾಲು ತುಂಬಿತ್ತು. ಐದು ದಿನದ ಹಿಂದಿನ ಬೆಳಗ್ಗೆ ತೆಗೆದ ನಾಲ್ಕು ಫೋಟೊಗಳು ಹಾಗೇ ಇದ್ದವು. ಆ ಸಂಜೆ ಅಳಿಸಲು ಪುರಸೊತ್ತಿರಲಿಲ್ಲ, ಅವರು ಆಸ್ಪತ್ರೆಯ ಬೆಂಚಿನ ಮೇಲಿದ್ದರು. ಆಕೆ ಹೋದದ್ದು ನಿನ್ನೆ ರಾತ್ರಿ, ಅಲ್ಲೇ.

ಪ್ರತಿ ಫೋಟೊದ ಕೆಳಗೂ ಸಮಯ ಬರೆದಿತ್ತು. 6:12, ಕೆರೆಯ ಕಡೆ ಮುಖ ಮಾಡಿ ನಿಂತಿದ್ದಾಳೆ. 6:15, ಬಂಡೆಯ ಮೇಲೆ ಕೂತಿದ್ದಾಳೆ. 6:23, ಮತ್ತೆ ನಿಂತಿದ್ದಾಳೆ. 6:24, ಬರೀ ಕೆರೆ ಮತ್ತು ಗುಡ್ಡ.

“ಸಂಕಟ ಎಷ್ಟು ಹೊತ್ತಿನಿಂದ ಇತ್ತು?” ಎಂದು ಡಾಕ್ಟರು ಕೇಳಿದಾಗ ಮಗಳು ಪಕ್ಕದಲ್ಲೇ ಇದ್ದಳು. “ಇಲ್ಲ ಡಾಕ್ಟ್ರೇ, ಚೆನ್ನಾಗೇ ಇದ್ದಳು. ಇದ್ದಕ್ಕಿದ್ದ ಹಾಗೆ ಬಿದ್ದಳು,” ಎಂದಿದ್ದರು ಅವರು. ಸ್ವಲ್ಪ ಬೇಗ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಮಗಳಿಗೆ ಮಾತ್ರ ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು.

ಆಕೆ ಇದ್ದ ಮೂರನ್ನೂ ಗುರುತು ಮಾಡಿ ಕಸದ ಬುಟ್ಟಿಯ ಚಿತ್ರವಿದ್ದ ಗುಂಡಿ ಒತ್ತಿದರು. ಅಳಿಸಬೇಕೇ ಎಂದು ಕ್ಯಾಮೆರಾ ಕೇಳಿತು. ಇನ್ನೊಂದು ಸಲ ಒತ್ತಿದರೆ ಮುಗಿಯಿತು. ಮಗಳಿಗೆ ಏನೂ ಗೊತ್ತಾಗುವುದಿಲ್ಲ. ಹೆಂಡತಿಯ ಮುಖವೂ ಈ ಲೋಕದಲ್ಲಿ ಎಲ್ಲಿಯೂ ಉಳಿಯುವುದಿಲ್ಲ.

ಹೊರಗಿನಿಂದ ಮಗಳು ಬಾಗಿಲು ಬಡಿದಳು. “ಅಪ್ಪ, ಹನ್ನೆರಡೂ ಕಾಲು!”

*

ಆ ಬೆಳಗ್ಗೆ ತಪ್ಪಿದ್ದು ಅವರೇ. ಆಕೆಯ ಮೇಲೆ ಫೋಕಸ್ ಮಾಡಿ, ಬೀಗದ ಗುಂಡಿ ಎಳೆಯುವುದನ್ನೇ ಮರೆತು “ಹೋಗು” ಎಂದಿದ್ದರು. ಆಕೆ ಸರಿದದ್ದೇ ಲೆನ್ಸು ಮತ್ತೆ ಗುರ್ ಎಂದು ಅಲೆಯತೊಡಗಿತು.

“ಬಾರೇ, ಇನ್ನೊಂದು ಸಲ ನಿಲ್ಲು!”

ಆಕೆ ಬಂದಳು. ಆದರೆ ಬಂಡೆಯ ಮೇಲೆ ಕೂತಳು. ಇವರು ಅಭ್ಯಾಸಬಲದಿಂದ ಒಂದು ಫೋಟೊ ತೆಗೆದು ನೋಡಿದರು. ಮುಂದಕ್ಕೆ ಬಾಗಿ ಕೂತಿದ್ದರಿಂದ ಜಾಕೀಟು ಮಡಿಚಿಕೊಂಡಿತ್ತು.

“ಕೂತ್ಕೋಬೇಡ, ಎದ್ದೇಳು! ಪಟ್ಟೆ ಕಾಣ್ತಿಲ್ಲ!”

“ಒಂದು ನಿಮಿಷ ಕಣ್ರೀ. ಯಾಕೋ ಸುಸ್ತು.”

“ಬಿಸಿಲು ಬಂದುಬಿಡುತ್ತೆ! ಎದ್ದೇಳೇ!”

ಆಕೆ ಎದ್ದಳು. ಲೆನ್ಸು ಗುರುತು ಹಿಡಿಯಲು ಸತಾಯಿಸಿತು. ಆಕೆ ಅಲ್ಲಾಡದೆ ನಿಂತೇ ಇದ್ದಳು. ಕೊನೆಗೆ ಹಿಡಿಯಿತು, ಬೀಗ ಬಿತ್ತು. ಫೋಟೊವನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ಪರೀಕ್ಷಿಸಿದರು. ನೋಡಿದ್ದು ಪಟ್ಟೆಯನ್ನು. ಪಟ್ಟೆಯ ಮೇಲಿದ್ದ ಕೈಯನ್ನು ನೋಡಲಿಲ್ಲ.

“ಹೋಗು!”

ಆಕೆ ಎಂದಿನಂತೆ ಎಡಕ್ಕೆ ಸರಿದು ಆಚೆ ಹೋದಳು. ಕ್ಯಾಮೆರಾ ಕ್ಲಿಕ್ ಎಂದಿತು. “ಬಂತಾ ರೀ?” ಎಂದು ಕೇಳಿಸಿತು.

“ಬಂತು ಕಣೇ! ಕಲ್ಲಿನ ಹಾಗೆ ಬಂತು! ಬಂದು ನೋಡು!”

ಎಡಕ್ಕೆ ತಿರುಗಿದರೆ ಆಕೆ ಹುಲ್ಲಿನ ಮೇಲೆ ಬಿದ್ದಿದ್ದಳು.

*

ಬಾಗಿಲು ತೆಗೆದಾಗ ಅವರ ಮುಖ ಒದ್ದೆಯಾಗಿತ್ತು, ನೀರು ಮುಟ್ಟಿರಲಿಲ್ಲ. ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಮಗಳ ಮುಂದೆ ಹಿಡಿದರು.

“ತಗೋ. ಇದೆ. ಮೂರಿದೆ.”

ಮಗಳು ನೋಡಿದಳು. ಒಂದು, ಎರಡು, ಮೂರು. ಮತ್ತೆ ಹಿಂದಕ್ಕೆ ಹೋದಳು. ಅವಳ ಹೆಬ್ಬೆರಳು ಎರಡನೆಯದರ ಮೇಲೆ ನಿಂತಿತು.

“ಡಾಕ್ಟರಿಗೆ ನಾನು ಸುಳ್ಳು ಹೇಳಿದೆ ಕಣಮ್ಮ,” ಎಂದರು ಅಪ್ಪ. “ಸುಸ್ತು ಅಂತ ಕೂತಿದ್ದಳು. ನಾನೇ ಎಬ್ಬಿಸಿದೆ.”

“ಎಷ್ಟು ಹೊತ್ತು ನಿಲ್ಲಿಸಿದ್ರಿ?”

“ಎಂಟು ನಿಮಿಷ. ಅದರಲ್ಲೇ ಬರೆದಿದೆ.”

ಮಗಳು ಕಿರುಚಬಹುದಿತ್ತು. ಕ್ಯಾಮೆರಾವನ್ನು ನೆಲಕ್ಕೆ ಅಪ್ಪಳಿಸಬಹುದಿತ್ತು, ಅಪ್ಪ ಅದನ್ನೇ ಬಯಸಿದ್ದರು ಕೂಡ. ಅವಳು ಹಲ್ಲು ಕಚ್ಚಿ ಅದನ್ನು ಸ್ಟುಡಿಯೊದವನ ಕೈಗಿತ್ತಳು.

ಪಾಪ, ಅವನಿಗೇನು ಗೊತ್ತು. ಮೂರನೆಯದನ್ನು ಹಿಗ್ಗಿಸಿ ಕಣ್ಣರಳಿಸಿದ. “ಸಾರ್! ದಾರ ದಾರ ಎಣಿಸಬಹುದು! ಅಂತೂ ಫೋಕಸ್ ಕಲಿತುಬಿಟ್ಟಿದ್ದೀರಿ ನೀವು!” ಆಮೇಲೆ ದನಿ ತಗ್ಗಿಸಿ, “ಎದೆ ಮೇಲೆ ಕೈ ಇಟ್ಕೊಂಡಿದ್ದಾರೆ. ಕತ್ತರಿಸಿ ಬರೀ ಮುಖ ಇಡ್ಲಾ ಅಕ್ಕ?” ಎಂದ.

“ಬೇಡ,” ಎಂದಳು ಮಗಳು. “ಕೈ ಇರಲಿ.”

*

ಮೂರಕ್ಕೆ ಹತ್ತು ನಿಮಿಷವಿದ್ದಾಗ ಫ್ರೇಮು ಬಂತು. ಸ್ಟುಡಿಯೊದವನು ಅದನ್ನು ಅಂಗಳದಲ್ಲಿ, ಹೊರಗೆ ತಂದು ಮಲಗಿಸಿದ್ದ ಆಕೆಯ ತಲೆಯ ಹತ್ತಿರ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಕಪ್ಪು ಬಿಳಿ ಪಟ್ಟೆ, ಹಿಂದೆ ಕೆರೆ, ಅದರ ಹಿಂದೆ ಗುಡ್ಡ, ಎಲ್ಲವೂ ಅಚ್ಚೊತ್ತಿದಂತೆ ಇದ್ದವು. ಎಲ್ಲಕ್ಕಿಂತ ಮುಂದೆ ಆಕೆಯ ಮುಖ. ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದಂತಿತ್ತು.

“ಎಷ್ಟು ಚೆನ್ನಾಗಿ ಬಂದಿದೆ ನೋಡಿ,” ಎಂದಳು ಇಸ್ತ್ರಿ ಅಂಗಡಿಯಾಕೆ. “ಮುಂಗೈ ನರ ಕೂಡ ಕಾಣ್ತಿದೆ.”

ಮೀಟರ್ ಮಾಮ ಆ ಸ್ಟ್ಯಾಂಡಿನ ಪಕ್ಕದಲ್ಲೇ ಬಿಸಿಲಿಗೆ ನಿಂತಿದ್ದರು. ಗಾಡಿ ಹಿಮ್ಮುಖವಾಗಿ ಗೇಟಿನೊಳಗೆ ಬರತೊಡಗಿತು. ಮಗಳು ಸರಕ್ಕನೆ ಒಳಗೆ ಹೋಗಿ ನೀಲಿ ಕುರ್ಚಿಯನ್ನು ಎತ್ತಿಕೊಂಡು ಬಂದಳು. ಜನ ದಾರಿ ಬಿಟ್ಟರು. ಒಬ್ಬರು ಮೀಟರ್ ಮಾಮನ ತೋಳು ಹಿಡಿದು ಕೂರಿಸಲು ಮುಂದಾದರು.

“ಬೇಡಮ್ಮ, ನಾನು ನಿಂತೇ ಇರ್ತೀನಿ,” ಎಂದರು ಅವರು ಮಗಳಿಗೆ.

ಮಗಳು ಅವರ ಕಡೆ ನೋಡಲಿಲ್ಲ. ಕುರ್ಚಿಯನ್ನು ನೆಲದ ಮೇಲೆ ಊರಿ, ಅಲುಗಾಡುತ್ತದೆಯೇ ಎಂದು ಒತ್ತಿ ನೋಡಿದಳು. ಸ್ಟ್ಯಾಂಡಿನ ಮೇಲಿಂದ ಫೋಟೊವನ್ನು ಎತ್ತಿ ಕುರ್ಚಿಯ ಬೆನ್ನಿಗೆ ಒರಗಿಸಿದಳು. ಜಾರದಂತೆ ಕೆಳಗೆ ಒಂದು ಬಟ್ಟೆಯ ಮಡಿಕೆ ತುರುಕಿದಳು.

“ಅಮ್ಮ ಸ್ವಲ್ಪ ಹೊತ್ತು ಕೂತ್ಕೊಳ್ಳಲಿ,” ಎಂದಳು.

ಖಾಲಿ ಸ್ಟ್ಯಾಂಡು ಮೂರು ಕಾಲ ಮೇಲೆ ನಿಂತಿತ್ತು. ಅದರ ಪಕ್ಕದಲ್ಲಿ, ಅಲ್ಲಾಡದೆ, ಮೀಟರ್ ಮಾಮ ನಿಂತಿದ್ದರು.