ಸೀತಾಳೆ ಬಳಗದ ಮರುಮುದ್ರಣ

ನಾನು ಎಂಟು ಪುಟಗಳ ಒಂದು ಪುಸ್ತಿಕೆ. ಧಾರವಾಡದ ಒಂದು ಸಣ್ಣ ಮುದ್ರಣಾಲಯದಲ್ಲಿ ಹುಟ್ಟಿದೆ. ಮತ್ತೆ ಹುಟ್ಟಿದೆ ಎನ್ನುವುದೇ ಸರಿ. ನನ್ನೊಳಗಿನ ಲೇಖನ ಸೀತಾಳೆ ಬಳಗದ ಪತ್ರಿಕೆಯಲ್ಲಿ ಹಿಂದೊಮ್ಮೆ ಅಚ್ಚಾಗಿತ್ತು. ಸೀತಾಳೆ ಎಂದರೆ ಮರದ ಮೇಲೆ ಬೇರೂರಿ, ದಂಡೆ ಕಟ್ಟಿದಂತೆ ಹೂಬಿಡುವ ಗಿಡ. ಅದನ್ನು ಮನೆಯಲ್ಲಿ ಬೆಳೆಸುವವರು ಕಟ್ಟಿಕೊಂಡ ಬಳಗ ಅದು. ವರ್ಷದಿಂದ ವರ್ಷಕ್ಕೆ ಜನ ಕಡಿಮೆಯಾಗಿ, ಸಭೆಗೆ ಒಂದು ಬೆಂಚು ಸಾಕಾಗುತ್ತಿತ್ತು. ಹಳೆಯ ಲೇಖನಗಳನ್ನು ಬಿಡಿಬಿಡಿಯಾಗಿ ಮತ್ತೆ ಅಚ್ಚು ಹಾಕಿಸಿ ಹೂವಿನ ಪ್ರದರ್ಶನದಲ್ಲಿ ಹಂಚಿದರೆ ಹೊಸಬರು ಬಂದಾರು ಎಂದು ಕಾರ್ಯದರ್ಶಿ ಪ್ರಮೀಳಾ ಹಂಚಿನಮನಿ ಹಟ ಹಿಡಿದರು.

ಅವರು ಮೊದಲು ಆರಿಸಿದ್ದು ಸೀತಾಳೆ ಸಾಕುವ ಬಗೆಯನ್ನು ಕುರಿತ ರಾಚಪ್ಪ ಮಾಸ್ತರರ ಲೇಖನ. ಮಾಸ್ತರರು ಬಳಗ ಬಿಟ್ಟು ಬಹಳ ಕಾಲವಾಗಿತ್ತು. ಒಪ್ಪಿಗೆ ಕೇಳಿದಾಗ ಅವರು ಮುದ್ರಣಾಲಯಕ್ಕೇ ಬಂದರು.

“ಪೂರಾ ಹಾಕಿದ್ರ ಹಾಕ್ರಿ, ಇಲ್ಲಾಂದ್ರ ಬ್ಯಾಡ. ಆಗ ಕಡೀ ಭಾಗ ಯಲಿಗಾರರು ತಗದಬಿಟ್ಟಿದ್ರು,” ಎಂದರು.

ಕಾಡಿನ ಮರದಿಂದ ಸೀತಾಳೆ ಕಿತ್ತು ತರಬೇಡಿ, ತಂದವು ಬಹುಪಾಲು ಸಾಯುತ್ತವೆ ಎಂದು ಆ ಭಾಗದಲ್ಲಿತ್ತು. ಬಳಗದ ಅಧ್ಯಕ್ಷ ವಿರೂಪಾಕ್ಷ ಯಲಿಗಾರರ ಹೆಸರಾದ ಗಿಡ ದಾಂಡೇಲಿ ಕಾಡಿನದು. ಪತ್ರಿಕೆಯಲ್ಲಿ ಜಾಗ ಸಾಲಲಿಲ್ಲ ಎಂದು ಅವರು ಹೇಳಿದ್ದರು. ಮಾಸ್ತರರು ಬಳಗ ಬಿಟ್ಟದ್ದು ಆಗಲೇ.

“ಅಧ್ಯಕ್ಷರು ಸಿಟ್ಟಾಗ್ತಾರ್ರೀ,” ಎಂದರು ಪ್ರಮೀಳಾ.

“ಆಗ್ಲಿ ಬಿಡ್ರಿ. ಹೊಸಬರಿಗೆ ಅರ್ಧಾ ಹೇಳಿ ಕರಕೊಂಡ ಬರೂದೇನು?”

ಪ್ರಮೀಳಾ ಹಾಳೆಗಳನ್ನು ಕಡೆಯವರೆಗೂ ತಿರುವಿ ನೋಡಿದರು. ಆಮೇಲೆ ಮುದ್ರಕನಿಗೆ “ಪೂರಾ ಹಾಕ್ರಿ” ಎಂದರು. ನನಗೆ ಎಂಟನೆಯ ಪುಟ ಬಂದದ್ದು ಹೀಗೆ.

ಪ್ರದರ್ಶನದಲ್ಲಿ ನನ್ನ ಒಡಹುಟ್ಟಿದವರಲ್ಲಿ ಕೆಲವರು ಬೀಸಣಿಗೆಯಾದರು, ಕೆಲವರು ಕುರ್ಚಿಯ ಮೇಲಿನ ಧೂಳು ಒರೆಸಿದರು. ನನ್ನನ್ನು ಎತ್ತಿಕೊಂಡವಳು ಬಸ್ ಕಂಡಕ್ಟರ್ ರೇಷ್ಮಾ ನದಾಫ್. ಗಾಳಿಗೆ ಮುರಿದುಬಿದ್ದ ಕೊಂಬೆಯ ಮೇಲಿದ್ದ ಸೀತಾಳೆಯೊಂದನ್ನು ಅವಳು ಮನೆಗೆ ತಂದಿದ್ದಳು. ಅದು ದಿನೇ ದಿನೇ ಬಾಡುತ್ತಿತ್ತು. ಟಿಕೆಟ್ ಚೀಲದಲ್ಲಿಟ್ಟುಕೊಂಡು, ಬಸ್ಸು ನಿಂತಲ್ಲೆಲ್ಲ ನನ್ನನ್ನು ಓದಿದಳು. ಗಿಡ ಚಿಗುರಿತು. ಮುಂದಿನ ಸಭೆಗೆ ಅವಳು ಬಂದಳು. ಅವಳಂತೆಯೇ ನಾಲ್ಕಾರು ಹೊಸಬರೂ ಬಂದಿದ್ದರು. ಪ್ರಮೀಳಾ ಕರೆದದ್ದಕ್ಕೆ ಮಾಸ್ತರರೂ ಬಂದು ಹಿಂದೆ ಕುಳಿತಿದ್ದರು.

ಮೇಜಿನ ಮೇಲೆ ಯಲಿಗಾರರ ಗಿಡ ತುಂಬ ಹೂ ಬಿಟ್ಟು ನಿಂತಿತ್ತು.

“ಭಾಳ ಛಂದ ಐತ್ರೀ ಸರ್. ಎಲ್ಲಿಂದ ತಂದ್ರಿ?” ರೇಷ್ಮಾ ಕೇಳಿದಳು. ಹಿಂದಿನ ಜಗಳ ಅವಳಿಗೆ ಗೊತ್ತಿರಲಿಲ್ಲ.

ಪ್ರಮೀಳಾ ತಲೆ ತಗ್ಗಿಸಿದರು. ಯಲಿಗಾರರು ಅವಳ ಕೈಯಲ್ಲಿದ್ದ ನನ್ನನ್ನು ನೋಡಿದರು.

“ದಾಂಡೇಲಿಯಿಂದವ್ವಾ. ಕಿತ್ತು ತಂದೀನಿ. ಇದೊಂದ ಬದುಕೇತಿ, ಬಾಕಿಯವು ಸತ್ತವು. ಅದರಾಗ ಮಾಸ್ತರು ಬರದದ್ದು ಖರೆ ಐತಿ.”

ಮಾಸ್ತರರು ಎದ್ದು ಮೇಜಿನ ಹತ್ತಿರ ಹೋಗಿ, ಬಗ್ಗಿ ಬೇರು ನೋಡಿದರು.

“ನೀರು ಜಾಸ್ತಿ ಹಾಕಾಕತ್ತೀರಿ,” ಎಂದರು.

ಯಲಿಗಾರರು ಪಕ್ಕದ ಕುರ್ಚಿ ಎಳೆದು ಕೊಟ್ಟರು.

ಬಂದ ಹೊಸಬರಲ್ಲಿ ಕೆಲವರು ಉಳಿದರು, ಕೆಲವರು ಮತ್ತೆ ಕಾಣಲಿಲ್ಲ. ಈಗ ನಾನು ರೇಷ್ಮಾಳ ಮನೆಯ ಕಿಟಕಿಯ ಬಳಿ, ಸೀತಾಳೆಗಳ ನಡುವೆ ಇದ್ದೇನೆ. ಕಾಗದ ಹಳದಿಯಾಗಿದೆ, ಪಿನ್ನು ತುಕ್ಕು ಹಿಡಿದಿದೆ. ಅವಳೀಗ ನನ್ನನ್ನು ತೆರೆಯುವುದಿಲ್ಲ. ಬೇರಿಗೆ ಬೆರಳು ಮುಟ್ಟಿಸಿದರೆ ನೀರು ಬೇಕೋ ಬೇಡವೋ ಅವಳಿಗೇ ತಿಳಿಯುತ್ತದೆ. ಪುಸ್ತಿಕೆಯೊಂದಕ್ಕೆ ಇಷ್ಟು ಒಳ್ಳೆಯ ಮುಪ್ಪು ಸಿಗುವುದು ಅಪರೂಪ.