ಹೆಸರು ಹಿಡಿದು ಕೂಗಬಾರದ ದಾರಿ

ಇದು ನಡೆದದ್ದೇ. ಇದರಲ್ಲಿ ಸುಳ್ಳು ಹೇಳಿದವನು ಒಬ್ಬನೇ, ಹುಣಸೂರಿನ ಕಿತ್ತಳೆ ವ್ಯಾಪಾರಿ ಜಬ್ಬಾರ್.

ಪಿರಿಯಾಪಟ್ಟಣ ದಾಟಿ ಕೊಡಗಿನ ಕಡೆ ಹೊರಟ ಗಾಡಿಯವರು ಕಾಡು ಹೊಕ್ಕ ಮೇಲೆ ಒಬ್ಬರನ್ನೊಬ್ಬರು ಹೆಸರಿನಿಂದ ಕೂಗುತ್ತಿರಲಿಲ್ಲ. ಎತ್ತಿನ ಹೆಸರಿನಿಂದ ಕೂಗುತ್ತಿದ್ದರು. ಅಲ್ಲಿ ಜಬ್ಬಾರ್ ಕೆಂಚನಾದರೆ ಬೆಟ್ಟಸ್ವಾಮಿ ಬೋರ, ಕಟ್ಟೆಮಳಲವಾಡಿಯ ಮುದುಕ ಚಿಕ್ಕಮಾದಯ್ಯ ಕರಿಯ. ಆ ಕಾಡಿನಲ್ಲಿ ಹೆಸರು ಹಿಡಿದು ಕರೆಯುವುದು ಮನುಷ್ಯರಲ್ಲ ಎಂಬ ಭಯ. ಓಗೊಟ್ಟವನು ಇಳಿದು ಹೋಗುತ್ತಾನೆ, ಎತ್ತುಗಳಷ್ಟೇ ಊರು ಸೇರುತ್ತವೆ.

ಚಿಕ್ಕಮಾದಯ್ಯನಿಗೊಂದು ಚಟ. ಯಾರು ಏನು ಕಷ್ಟ ಹೇಳಿಕೊಂಡರೂ "ನಂಗೂ ಅಂಗೇ ಆಗಿತ್ತು ಕಣಪ್ಪ" ಎನ್ನುತ್ತಿದ್ದ. ಬೆಟ್ಟಸ್ವಾಮಿಯ ಹೆಂಡತಿಗೆ ಹೆರಿಗೆನೋವು ಬಂದಾಗಲೂ ಹಾಗೆನ್ನಲು ಬಾಯಿ ತೆರೆದಿದ್ದನಂತೆ. ಜಬ್ಬಾರ್ ಆ ಮಾತನ್ನು ಅವನ ಗಂಟಲಿನ ಗೊರಗೊರ ಸಮೇತ ಅಣಕಿಸಿದರೆ ಇಡೀ ಸಂತೆ ನಗುತ್ತಿತ್ತು.

"ಇವತ್ತು ಯಾರಿಗೂ ಆಗದೆ ಇರೋದೊಂದು ಏಳ್ತೀನಿ ನೋಡ್ಲಾ," ಎಂದ ಜಬ್ಬಾರ್ ಬೆಟ್ಟಸ್ವಾಮಿಗೆ. "ಅದೂ ಆಗೈತೆ ಅಂತಾನೆ. ನೀನು ನಗಬ್ಯಾಡ."

ಇಳಿಹೊತ್ತಿಗೆ ಹಳ್ಳದ ಪಕ್ಕ ಗಾಡಿ ಬಿಟ್ಟರು. ಹಕ್ಕಿಗಳು ಯಾಕೋ ಸುಮ್ಮನಿದ್ದವು. ನಗು ತಡೆಯಲಾರದೆ ಬೆಟ್ಟಸ್ವಾಮಿ ಎತ್ತುಗಳಿಗೆ ನೀರು ಕುಡಿಸುವ ನೆಪದಲ್ಲಿ ಹಳ್ಳಕ್ಕಿಳಿದ. ಜಬ್ಬಾರ್ ಮುಖ ಸಣ್ಣ ಮಾಡಿಕೊಂಡ.

"ಅಣ್ಣ, ಸತ್ತೋದ ನಮ್ಮಮ್ಮ ಈ ದಾರೀಲಿ ನನ್ನ ಕರೀತಾಳೆ. ಎಸ್ರಿಡಿದು."

ಚಿಕ್ಕಮಾದಯ್ಯ ಬೀಡಿ ಆರಿಸಿದ. ನಂಗೂ ಅಂಗೇ ಎನ್ನಲಿಲ್ಲ.

"ಎಡಗಡೆಯಿಂದಾನಾ?" ಎಂದ ಕೊನೆಗೆ.

"ಊಂ."

"ಎತ್ತು ನಿಂತ್ಕೋತಾವಾ?"

"ನಿಂತ್ಕೋತಾವೆ," ಎನ್ನುತ್ತ ಜಬ್ಬಾರ್ ಎಡಕ್ಕೆ ಕಣ್ಣು ಹಾಯಿಸಿದ.

"ನನ್ನೆಂಡ್ತಿ ಮರಮ್ಮನೂ ಕರೀತಾಳೆ ಕಣಪ್ಪ. ಪ್ಲೇಗು ಬಂದ ವರ್ಸ ಊರಾಚೆ ಗುಡ್ಲಾಕಿದ್ವಲ್ಲ, ಆಗ ಅವಳಿಗೆ ಗಡ್ಡೆ ಎದ್ದು ದೂರ ಮಲಗಿಸಿದ್ರು. ಗಂಡನ ಎಸ್ರು ಎಂದೂ ಬಾಯಲ್ಲಿ ತಂದವಳಲ್ಲ, ಅವತ್ತು ನನ್ನೆಸ್ರಿಡಿದು ನೀರು ಕೇಳಿದ್ಲು. ನಾನು ಮಕ್ಕಳನ್ನ ತಬ್ಕೊಂಡು ಸುಮ್ಕಿದ್ದೆ. ಈಗ ಇಲ್ಲಿ ಕೂಗ್ತಾಳೆ. ಒಬ್ನೇ ಎಷ್ಟು ದಿನ ಕಿವಿ ಮುಚ್ಕಳದು, ಇವತ್ತು ಓ ಅಂದ್ಬುಡಾನ ಅಂತಿದ್ದೆ." ಅವನು ಜಬ್ಬಾರನ ಕೈ ಹಿಡಿದುಕೊಂಡ. "ನಿಂಗೂ ಅಂಗೇ ಅಂದ್ಮೇಲೆ ಧೈರ್ಯ ಬಂತು. ಜೊತೇಲೇ ಗಾಡಿ ಒಡೆಯಾನ. ನೀನೂ ಓಗೊಡಬ್ಯಾಡ, ನಾನೂ ಓಗೊಡಾಕಿಲ್ಲ."

ಆಡಿದ ಸುಳ್ಳನ್ನು ಇನ್ನು ಸಾಯುವ ತನಕ ಸಾಕಬೇಕು ಎಂದುಕೊಂಡ ಜಬ್ಬಾರ್. "ಆಗ್ಲಣ್ಣ. ಜೊತೇಲೇ ಒಡೆಯಾನ."

ಹಳ್ಳದಲ್ಲಿದ್ದ ಬೆಟ್ಟಸ್ವಾಮಿಗೆ ಅಮ್ಮ ಕರೀತಾಳೆ ಎಂಬ ಮಾತು ಕೇಳಿಸಿತ್ತು, ಆಮೇಲಿನದು ಕೇಳಿಸಿರಲಿಲ್ಲ. ಕೈ ಕೈ ಹಿಡಿದು ಕೂತದ್ದಷ್ಟೇ ಕಂಡಿತು. ಹೊಟ್ಟೆ ಹಿಡಿದುಕೊಂಡು ನಕ್ಕ.

"ಅವನನ್ಯಾರೂ ಕರೆಯಾಕಿಲ್ಲ ಕಣಣ್ಣ. ನಿನ್ನ ಆಡಿಸಾಕೆ ಕಟ್ಟಿದ ಕತೆ ಅದು. ಅದಕ್ಕೂ ನಂಗೂ ಅಂಗೇ ಅಂದ್ಯಾ?"

ಚಿಕ್ಕಮಾದಯ್ಯ ಜಬ್ಬಾರನ ಮುಖ ನೋಡಿದ. ಊರವರ ದನಿಯನ್ನೆಲ್ಲ ಬಾಯಲ್ಲಿಟ್ಟುಕೊಂಡಿದ್ದವನಿಗೆ ತನ್ನ ದನಿಯೇ ಹೊರಡಲಿಲ್ಲ.

"ಅಂಗಾದ್ರೆ ನಾನೊಬ್ನೇನಾ?" ಎಂದು ಮುದುಕ ಕೈ ಬಿಟ್ಟ. ಆಮೇಲೆ ನಕ್ಕ. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಂತೆ, ಬೆಟ್ಟಸ್ವಾಮಿಯ ನಗು ಮುಳುಗಿಹೋಗುವಂತೆ ನಕ್ಕ.

ನೀರಲ್ಲಿದ್ದ ಎತ್ತುಗಳು ಕುಡಿಯುವುದನ್ನು ನಿಲ್ಲಿಸಿ ಕಿವಿ ನಿಗುರಿಸಿದವು. ಚಿಕ್ಕಮಾದಯ್ಯ ನಗುತ್ತಲೇ ಎದ್ದು ಎಡಕ್ಕೆ ತಿರುಗಿದ.

"ಓ," ಎಂದ. "ಬಂದೆ ಕಣಮ್ಮಿ," ಎನ್ನುತ್ತ ಬಿದಿರ ಮೆಳೆಯೊಳಕ್ಕೆ ನಡೆದ.

ಬೆಟ್ಟಸ್ವಾಮಿ ಅದನ್ನೂ ತಮಾಷೆ ಎಂದುಕೊಂಡು ಮತ್ತೆ ನಕ್ಕ. ಜಬ್ಬಾರ್ ಎದ್ದು ಓಡಿದ. ಹೆಸರು ನಾಲಗೆಯ ತುದಿಗೆ ಬಂದರೂ ಆ ಕಾಡಿನಲ್ಲಿ ಅದನ್ನು ಆಡಲು ಧೈರ್ಯ ಸಾಲಲಿಲ್ಲ. "ಕರಿಯ, ಕರಿಯ" ಎಂದು ಕೂಗಿದ.

ತಿರುಗಿ ನೋಡಿದ್ದು ಎತ್ತು ಮಾತ್ರ. ಬಿದಿರ ಮೆಳೆಯ ಒಳಗಿನಿಂದ ಮುದುಕನ ನಗು ಇನ್ನೂ ಜೋರಾಗಿ ಕೇಳಿಸುತ್ತಿತ್ತು.